ಸ್ಲೀವ್, ಬೈಪಾಸ್, ಮಿನಿ ಬೈಪಾಸ್: ತೂಕ ಇಳಿಸುವ ಆಪರೇಷನ್‌ಗಳಲ್ಲಿ ನಿಮಗೆ ಯಾವುದು?

ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಮನಸ್ಸು ಮಾಡಿದವರು ವೈದ್ಯರ ಎದುರು ಕುಳಿತ ಕೂಡಲೇ ಕೇಳುವುದು ‘ಎಷ್ಟು ಕಿಲೋ ಇಳಿಯುತ್ತದೆ?’ ಎಂದು. ಕೇಳಬೇಕಾದ ಪ್ರಶ್ನೆಯೇ. ಆದರೆ ಜಠರವನ್ನು ಕತ್ತರಿಸಿ ಕಿರಿದಾಗಿಸುವ ಸ್ಲೀವ್ ಮಾಡಿಸಿಕೊಳ್ಳಬೇಕೋ, ಜಠರದ ಪುಟ್ಟ ಚೀಲವನ್ನು ನೇರ ಕರುಳಿಗೆ ಜೋಡಿಸುವ ಬೈಪಾಸ್ ಮಾಡಿಸಿಕೊಳ್ಳಬೇಕೋ ಎಂಬುದನ್ನು ನಿರ್ಧರಿಸಲು ಅದು ಅಷ್ಟಾಗಿ ನೆರವಾಗುವುದಿಲ್ಲ. ಹತ್ತು ವರ್ಷಗಳ ಲೆಕ್ಕ ತೆಗೆದು ನೋಡಿದರೆ ಇವೆರಡರ ನಡುವಿನ ಅಂತರ ಕೆಲವೇ ಕಿಲೋ. ನಿಜವಾದ ವ್ಯತ್ಯಾಸ ಇರುವುದು ಅವು ತರಬಹುದಾದ ತೊಂದರೆಗಳಲ್ಲಿ. ಸ್ಲೀವ್‌ನಲ್ಲಿ ಎದೆಯುರಿ, ಬೈಪಾಸ್‌ನಲ್ಲಿ ಹುಣ್ಣು ಮತ್ತು ಕರುಳು ಸಿಕ್ಕಿಕೊಳ್ಳುವ ಭಯ, ಮಿನಿ ಬೈಪಾಸ್‌ನಲ್ಲಿ ಪೋಷಕಾಂಶಗಳ ಕೊರತೆ. ಇವುಗಳಲ್ಲಿ ಯಾವುದನ್ನು ನಿಮ್ಮ ದೇಹ, ನಿಮ್ಮ ಊಟ, ನಿಮ್ಮ ಮನೆಯ ಪರಿಸ್ಥಿತಿ ತಾಳಿಕೊಳ್ಳಬಲ್ಲದು ಎಂದು ನೋಡಿ ಆಯ್ದುಕೊಳ್ಳಬೇಕು. ಈ ಮಾತು ಆಸ್ಪತ್ರೆಗಳ ಜಾಹೀರಾತುಗಳಲ್ಲಿ ಕಾಣಿಸುವುದೇ ಇಲ್ಲ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ಚಿಕಿತ್ಸೆ ಸೋಮಾರಿಗಳ ದಾರಿ, ಬಾಯಿ ಕಟ್ಟಲಾಗದವರ ಅಡ್ಡದಾರಿ ಎನ್ನುವ ನೆಂಟರಿಷ್ಟರು ಎಲ್ಲರ ಮನೆಯಲ್ಲೂ ಇರುತ್ತಾರೆ. ಅವರ ಮಾತು ತಪ್ಪು, ಕ್ರೂರವೂ ಹೌದು. ತೀವ್ರ ಬೊಜ್ಜು ಒಂದು ಕಾಯಿಲೆ. ಹಸಿವನ್ನು ನಿಯಂತ್ರಿಸುವ ಹಾರ್ಮೋನುಗಳು ಇಳಿದ ತೂಕವನ್ನು ಮತ್ತೆ ಮೇಲಕ್ಕೆಳೆಯುತ್ತಲೇ ಇರುತ್ತವೆ. ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾದ ದೀರ್ಘಕಾಲದ ಅಧ್ಯಯನವೊಂದು, ಶಸ್ತ್ರಚಿಕಿತ್ಸೆ ಪಡೆದವರು ಹಾಗೆಯೇ ಉಳಿದವರಿಗಿಂತ ಸರಾಸರಿ ಸುಮಾರು ಮೂರು ವರ್ಷ ಹೆಚ್ಚು ಬದುಕಿದರು ಎಂದು ತೋರಿಸಿದೆ. ಲಿಪೋಸಕ್ಷನ್ ಎಂಬುದು ಇದಲ್ಲ. ಅದು ಚರ್ಮದ ಕೆಳಗಿನ ಕೊಬ್ಬನ್ನು ಹೀರಿ ತೆಗೆಯುವ ಸೌಂದರ್ಯ ಚಿಕಿತ್ಸೆ. ಮಧುಮೇಹಕ್ಕಾಗಲಿ ಹಸಿವಿಗಾಗಲಿ ಅದರಿಂದ ಏನೂ ಆಗುವುದಿಲ್ಲ.

ಜಾಹೀರಾತಿನ ಶೇಕಡಾ ಲೆಕ್ಕ

‘ಶೇ 60ರಷ್ಟು ತೂಕ ಇಳಿಕೆ’ ಎಂದು ಬರೆದದ್ದನ್ನು ಕಂಡರೆ ಎಚ್ಚರ ವಹಿಸಿ. ಈ ಕ್ಷೇತ್ರದಲ್ಲಿ ಶೇಕಡಾವನ್ನು ಹೆಚ್ಚಾಗಿ ಒಟ್ಟು ತೂಕದ ಮೇಲೆ ಹೇಳುವುದಿಲ್ಲ, ‘ಹೆಚ್ಚುವರಿ ತೂಕ’ದ ಮೇಲೆ ಹೇಳುತ್ತಾರೆ. 160 ಸೆಂ.ಮೀ. ಎತ್ತರದ ಮಹಿಳೆಯೊಬ್ಬರು 110 ಕಿಲೋ ಇದ್ದಾರೆ ಎಂದುಕೊಳ್ಳಿ. ಅವರ ಬಿ.ಎಂ.ಐ., ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, 43. ಬಿ.ಎಂ.ಐ. 25ಕ್ಕೆ ಇಳಿಯಬೇಕಾದರೆ ಅವರು 64 ಕಿಲೋ ಆಗಬೇಕು, ಅಂದರೆ ಹೆಚ್ಚುವರಿ ತೂಕ 46 ಕಿಲೋ. ಅದರಲ್ಲಿ ಶೇ 60 ಇಳಿದರೆ ಕಳೆದದ್ದು ಸುಮಾರು 28 ಕಿಲೋ, ಉಳಿದದ್ದು 82 ಕಿಲೋ. ಇದು ಬಹಳ ಒಳ್ಳೆಯ ಫಲಿತಾಂಶ. ಮಂಡಿ ನೋವು, ಗೊರಕೆ, ರಕ್ತದೊತ್ತಡ, ಸಕ್ಕರೆ ಎಲ್ಲದರಲ್ಲೂ ಅದರ ಪ್ರಯೋಜನ ಕಾಣುತ್ತದೆ. ಆದರೆ 110ರಲ್ಲಿ ಶೇ 60 ಹೋಗಿ 44 ಕಿಲೋ ಆಗುತ್ತೇನೆ ಎಂದು ಭಾವಿಸಿದ್ದವರಿಗೆ ಇದೇ ಫಲಿತಾಂಶ ಸೋಲಿನಂತೆ ಕಾಣಿಸುತ್ತದೆ. ಒಟ್ಟು ತೂಕದ ಲೆಕ್ಕದಲ್ಲಿ ಎಷ್ಟು, ಒಂದು ವರ್ಷಕ್ಕೆ ಎಷ್ಟು, ಐದು ವರ್ಷಕ್ಕೆ ಎಷ್ಟು ಎಂದು ಬಿಡಿಸಿ ಕೇಳಿ. ತೂಕ ಅತ್ಯಂತ ಕೆಳಗೆ ಬರುವುದು ಒಂದರಿಂದ ಎರಡು ವರ್ಷದೊಳಗೆ. ಆಮೇಲೆ ಬಹುತೇಕ ಎಲ್ಲರಲ್ಲೂ ಸ್ವಲ್ಪ ಮೇಲೇರುತ್ತದೆ.

ಒಳಗೆ ನಡೆಯುವುದೇನು

ಸ್ಲೀವ್‌ನಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ಸ್ಟೇಪ್ಲರ್ ಹಾಕಿ ಕತ್ತರಿಸಿ ಹೊರತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಹಸಿವಿನ ಹಾರ್ಮೋನ್ ಗ್ರೆಲಿನ್ ಅನ್ನು ಹೆಚ್ಚಾಗಿ ತಯಾರಿಸುವ ಭಾಗವೂ ಅದರೊಂದಿಗೆ ಹೋಗುವುದರಿಂದ ಹಸಿವು ತಗ್ಗುತ್ತದೆ. ಕರುಳನ್ನು ಮುಟ್ಟುವುದಿಲ್ಲ. ತೆಗೆದ ಜಠರ ಮತ್ತೆ ಬರುವುದಿಲ್ಲ, ಇದನ್ನು ಹಿಂತಿರುಗಿಸಲಾಗದು.

ಬೈಪಾಸ್‌ನಲ್ಲಿ ಏನನ್ನೂ ಹೊರತೆಗೆಯುವುದಿಲ್ಲ. ಜಠರದ ಮೇಲ್ತುದಿಯಲ್ಲಿ ಸುಮಾರು 30 ಎಂ.ಎಲ್. ಹಿಡಿಯುವ ಪುಟ್ಟ ಚೀಲವನ್ನು ಬೇರ್ಪಡಿಸಿ, ಸಣ್ಣಕರುಳನ್ನು ಕತ್ತರಿಸಿ ಮೇಲಕ್ಕೆ ತಂದು ಅದಕ್ಕೆ ಜೋಡಿಸುತ್ತಾರೆ. ಪಿತ್ತರಸ ಹರಿಯುವ ಭಾಗವನ್ನು ಇನ್ನೂ ಕೆಳಗೆ ಮತ್ತೊಂದು ಕಡೆ ಸೇರಿಸುತ್ತಾರೆ. ಹೀಗೆ ಎರಡು ಜೋಡಣೆಗಳು. ದೊಡ್ಡ ಜಠರ ಆಹಾರ ಕಾಣದೆ ಪಕ್ಕದಲ್ಲಿ ಉಳಿದುಬಿಡುತ್ತದೆ. ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ 1960ರ ದಶಕದಲ್ಲಿ ಆರಂಭಿಸಿದ ಈ ವಿಧಾನವನ್ನು 1990ರ ದಶಕದಿಂದ ಸಣ್ಣ ರಂಧ್ರಗಳ ಮೂಲಕ, ಅಂದರೆ ಲ್ಯಾಪರೊಸ್ಕೋಪಿಯಲ್ಲಿ, ಮಾಡುತ್ತಿದ್ದಾರೆ. ಹಾಗಾಗಿ ಇದರ ಒಳಿತು ಕೆಡುಕುಗಳೆಲ್ಲ ಚೆನ್ನಾಗಿ ಗೊತ್ತಿವೆ.

ಮಿನಿ ಬೈಪಾಸ್‌ನಲ್ಲಿ ಜಠರದಿಂದ ಉದ್ದನೆಯ ಚೀಲ ಮಾಡಿ, ಕರುಳನ್ನು ಕತ್ತರಿಸದೆ ಕುಣಿಕೆಯಂತೆ ಎಳೆದು ತಂದು ಒಂದೇ ಕಡೆ ಜೋಡಿಸುತ್ತಾರೆ. ಕೆಲಸ ಬೇಗ ಮುಗಿಯುತ್ತದೆ. ‘ಮಿನಿ’ ಎಂದು ಕೇಳಿ ಇದು ಸಣ್ಣ ಆಪರೇಷನ್ ಎಂದುಕೊಳ್ಳಬೇಡಿ. ಇದರಲ್ಲಿ ಆಹಾರ ಹಾಯದಂತೆ ದಾಟಿಸಿಬಿಡುವ ಕರುಳಿನ ಉದ್ದ ಸಾಮಾನ್ಯವಾಗಿ ಮಾಮೂಲಿ ಬೈಪಾಸ್‌ಗಿಂತ ಹೆಚ್ಚು.

ಸ್ಲೀವ್ ಮತ್ತು ಬೈಪಾಸ್ ಎದುರುಬದುರು

ಈ ಎರಡನ್ನು ಚೀಟಿ ಎತ್ತಿದ ಹಾಗೆ ರೋಗಿಗಳಿಗೆ ಹಂಚಿ ಹತ್ತು ವರ್ಷ ಹಿಂಬಾಲಿಸಿದ ಫಿನ್ಲೆಂಡಿನ ಅಧ್ಯಯನ ನನ್ನ ಮಟ್ಟಿಗೆ ಈ ವಿಷಯದಲ್ಲಿ ಅತ್ಯಂತ ಬೆಲೆಬಾಳುವಂಥದ್ದು. 240 ಜನ ಅದರಲ್ಲಿದ್ದರು. ಹತ್ತನೆಯ ವರ್ಷಕ್ಕೆ ಸ್ಲೀವ್ ಆದವರು ಹೆಚ್ಚುವರಿ ತೂಕದ ಶೇ 43.5 ಕಳೆದುಕೊಂಡಿದ್ದರು, ಬೈಪಾಸ್ ಆದವರು ಶೇ 51.9. ನಮ್ಮ 110 ಕಿಲೋ ಮಹಿಳೆಯ ಲೆಕ್ಕಕ್ಕೆ ಹಾಕಿದರೆ ಒಂದರಲ್ಲಿ 20 ಕಿಲೋ, ಇನ್ನೊಂದರಲ್ಲಿ 24 ಕಿಲೋ. ನಾಲ್ಕು ಕಿಲೋ ಹೆಚ್ಚು ಇಳಿಯಲಿ ಎಂಬ ಒಂದೇ ಕಾರಣಕ್ಕೆ ಬೈಪಾಸ್ ಆಯ್ದುಕೊಳ್ಳುವುದರಲ್ಲಿ ಅರ್ಥವಿಲ್ಲ. ಹಾಗೆಯೇ ‘ಸ್ಲೀವ್ ಸುಲಭ, ಎಲ್ಲರೂ ಅದನ್ನೇ ಮಾಡಿಸುತ್ತಾರೆ’ ಎಂಬ ಕಾರಣಕ್ಕೆ ಸ್ಲೀವ್ ಆಯ್ದುಕೊಳ್ಳುವುದರಲ್ಲೂ ಇಲ್ಲ.

ಅದೇ ಅಧ್ಯಯನದಲ್ಲಿ ಬಾಯಿಯ ಮೂಲಕ ಕ್ಯಾಮೆರಾ ಕೊಳವೆ ಇಳಿಸಿ ನೋಡುವ ಎಂಡೋಸ್ಕೋಪಿ ಮಾಡಿದಾಗ ಅಸಲಿ ವ್ಯತ್ಯಾಸ ಹೊರಬಿತ್ತು. ಆಮ್ಲ ಮೇಲೆ ಉಕ್ಕಿ ಅನ್ನನಾಳ ಉರಿಯೂತಗೊಂಡದ್ದು ಸ್ಲೀವ್‌ನಲ್ಲಿ ಶೇ 31 ಜನರಿಗೆ, ಬೈಪಾಸ್‌ನಲ್ಲಿ ಶೇ 7 ಜನರಿಗೆ. ಸ್ವಿಟ್ಜರ್ಲೆಂಡಿನ ಇನ್ನೊಂದು ಅಧ್ಯಯನವೂ ಇದನ್ನೇ ಹೇಳುತ್ತದೆ. ಮೊದಲೇ ಎದೆಯುರಿ ಇದ್ದವರಲ್ಲಿ ಸ್ಲೀವ್ ಆದ ಶೇ 32 ಜನರಿಗೆ ಐದು ವರ್ಷದಲ್ಲಿ ಅದು ಉಲ್ಬಣಿಸಿತು. ಬೈಪಾಸ್ ಆದವರಲ್ಲಿ ಶೇ 60 ಜನರಿಗೆ ಎದೆಯುರಿ ಪೂರ್ತಿ ಹೋಯಿತು. ಕಾರಣ ಸರಳ. ಸ್ಲೀವ್‌ನ ಕೊಳವೆ ಕಿರಿದು, ಒಳಗಿನ ಒತ್ತಡ ಹೆಚ್ಚು, ಅನ್ನನಾಳದ ಬಾಯಿಯ ಬಳಿಯ ಸಹಜ ಕೋನವೂ ಹಾಳಾಗಿರುತ್ತದೆ. ಬೈಪಾಸ್‌ನ ಪುಟ್ಟ ಚೀಲದಲ್ಲಿ ಆಮ್ಲವೇ ಕಡಿಮೆ.

ಆದ್ದರಿಂದ ಹುಳಿತೇಗು, ರಾತ್ರಿ ಮಲಗಿದಾಗ ಗಂಟಲಿಗೆ ಬರುವ ಕಹಿನೀರು, ದಿನವೂ ಗ್ಯಾಸ್ ಮಾತ್ರೆ ಇವುಗಳಲ್ಲಿ ಯಾವುದಾದರೂ ಇದ್ದರೆ ಆಪರೇಷನ್‌ಗೆ ಮುನ್ನ ಎಂಡೋಸ್ಕೋಪಿ ಆಗಲೇಬೇಕು. ಅದರಲ್ಲಿ ಅನ್ನನಾಳದ ಉರಿಯೂತ ತೀವ್ರವಾಗಿ ಕಂಡರೆ, ಅಥವಾ ಆಮ್ಲದಿಂದ ಅನ್ನನಾಳದ ಒಳಪದರವೇ ಮಾರ್ಪಡುವ ಬ್ಯಾರೆಟ್ ಬದಲಾವಣೆ ಕಂಡರೆ ಸ್ಲೀವ್ ಬೇಡ. ಎಂಡೋಸ್ಕೋಪಿ ಇಲ್ಲದೆಯೇ ‘ಸ್ಲೀವ್ ಮಾಡೋಣ’ ಎನ್ನುವ ಕಡೆಯಿಂದ ಎದ್ದು ಬನ್ನಿ. ಸ್ಲೀವ್ ಆದ ಮೇಲೆ ಎದೆಯುರಿ ತಾಳಲಾಗದೆ ಬೈಪಾಸ್‌ಗೆ ಬದಲಿಸಿಕೊಳ್ಳುವವರು ಇದ್ದಾರೆ. ಎರಡನೆಯ ಆಪರೇಷನ್‌ನ ಅಪಾಯ ಮೊದಲನೆಯದಕ್ಕಿಂತ ಹೆಚ್ಚು, ಖರ್ಚೂ ಮತ್ತೆ ಪೂರ್ತಿ.

ಬೈಪಾಸ್ ಪರವಾಗಿ ಇಷ್ಟು ಹೇಳಿದ ಮೇಲೆ ಅದರ ಕಷ್ಟಗಳನ್ನೂ ಅಷ್ಟೇ ವಿವರವಾಗಿ ಹೇಳಬೇಕು. ಮೊದಲನೆಯದು ಒಳಗಿನ ಹರ್ನಿಯಾ. ಕರುಳನ್ನು ಸ್ಥಳಾಂತರಿಸಿದಾಗ ಅದರ ಪೊರೆಗಳ ನಡುವೆ ಸಂದುಗಳು ಉಳಿಯುತ್ತವೆ. ತೂಕ ಇಳಿದು ಒಳಗಿನ ಕೊಬ್ಬು ಕರಗಿದಂತೆ ಸಂದು ದೊಡ್ಡದಾಗುತ್ತದೆ, ಕರುಳು ಅದರೊಳಗೆ ನುಸುಳಿ ತಿರುಚಿಕೊಳ್ಳಬಹುದು. ಇದು ಎರಡು ವರ್ಷದ ನಂತರವೂ ಆಗಬಹುದು, ಐದು ವರ್ಷದ ನಂತರವೂ ಆಗಬಹುದು. ಊಟದ ನಂತರ ಹೊಟ್ಟೆಯ ಮೇಲ್ಭಾಗದಲ್ಲಿ ಬಿಟ್ಟು ಬಿಟ್ಟು ಬರುವ ನುಲಿತದ ನೋವು ಇದರ ಲಕ್ಷಣ. ವಾಂತಿ ಇರಲೇಬೇಕೆಂದಿಲ್ಲ, ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು. ಬೈಪಾಸ್ ಬಗ್ಗೆ ತಿಳಿಯದ ವೈದ್ಯರು ಗ್ಯಾಸ್ ಎಂದು ಇಂಜೆಕ್ಷನ್ ಕೊಟ್ಟು ಕಳುಹಿಸಿದರೆ ಕರುಳು ಕೊಳೆತು ಜೀವಕ್ಕೇ ಕುತ್ತು ಬರಬಹುದು. ಮೊದಲ ಆಪರೇಷನ್‌ನಲ್ಲಿಯೇ ಈ ಸಂದುಗಳನ್ನು ಹೊಲಿದರೆ ಅಪಾಯ ಬಹಳ ಕಡಿಮೆಯಾಗುತ್ತದೆ ಎಂದು ಸ್ವೀಡನ್ನಿನ ದೊಡ್ಡ ಅಧ್ಯಯನ ತೋರಿಸಿದೆ. ‘ಸಂದುಗಳನ್ನು ಹೊಲಿಯುತ್ತೀರಾ?’ ಎಂದು ಕೇಳಲು ಸಂಕೋಚ ಬೇಡ. ಜಿಲ್ಲಾ ಕೇಂದ್ರದಿಂದಲೂ ದೂರದ ಹಳ್ಳಿಯಲ್ಲಿ ಇರುವವರು, ರಾತ್ರಿ ಹೊಟ್ಟೆನೋವು ಬಂದರೆ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ತಲುಪಲು ಎಷ್ಟು ಹೊತ್ತು ಬೇಕು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಎರಡನೆಯದು ಜೋಡಣೆಯ ಬಳಿ ಆಗುವ ಹುಣ್ಣು. ಬೀಡಿ, ಸಿಗರೇಟು ಸೇದುವವರಿಗೆ ಇದರ ಅಪಾಯ ಎದ್ದುಕಾಣುವಷ್ಟು ಹೆಚ್ಚು. ಹೊಗೆಸೊಪ್ಪು, ಗುಟ್ಕಾ ಕೂಡ ಬಿಡಬೇಕು. ನೋವಿನ ಮಾತ್ರೆಗಳು ಇನ್ನೊಂದು ದೊಡ್ಡ ಕಾರಣ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸೆಕ್ಲೋಫೆನಾಕ್ ಇವನ್ನೆಲ್ಲ ಬೈಪಾಸ್ ಆದವರು ಜೀವಮಾನವಿಡೀ ದೂರ ಇಡಬೇಕು. ತೂಕ ಹೆಚ್ಚಿರುವವರಲ್ಲಿ ಮಂಡಿನೋವು ಸಾಮಾನ್ಯ, ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಈ ಮಾತ್ರೆ ಕೊಳ್ಳುವುದೂ ಸಾಮಾನ್ಯ. ಸಂಧಿವಾತಕ್ಕೆ ಇಂಥ ಮಾತ್ರೆ ಇಲ್ಲದೆ ದಿನ ಕಳೆಯಲಾಗದು ಎನ್ನುವವರಿಗೆ ಸ್ಲೀವ್ ಹೆಚ್ಚು ಸುರಕ್ಷಿತ. ತಂಬಾಕು ಬಿಡಲು ಆಗುವುದೇ ಇಲ್ಲ ಎನ್ನುವವರಿಗೂ ಬೈಪಾಸ್ ಸಲ್ಲದು. ನನ್ನ ಅಭಿಪ್ರಾಯದಲ್ಲಿ ಅವರು ಯಾವುದೇ ಆಪರೇಷನ್‌ಗೆ ಮೊದಲು ತಂಬಾಕು ಬಿಡಿಸುವ ಚಿಕಿತ್ಸೆ ಪಡೆಯಬೇಕು.

ಡಂಪಿಂಗ್ ಎಂಬ ತೊಂದರೆಯೂ ಬೈಪಾಸ್‌ನಲ್ಲಿಯೇ ಹೆಚ್ಚು. ಸಿಹಿ ತಿಂದ ಅರ್ಧ ಗಂಟೆಯೊಳಗೆ ಎದೆ ಹೊಡೆದುಕೊಳ್ಳುವುದು, ಬೆವರು, ಭೇದಿ. ಹೋಳಿಗೆ, ಮೈಸೂರುಪಾಕ್, ಪಾಯಸ ಎಲ್ಲವೂ ಇದನ್ನು ತರಬಲ್ಲವು. ಕೆಲವರು ಇದನ್ನು ಒಳ್ಳೆಯದೆಂದೇ ಭಾವಿಸುತ್ತಾರೆ, ಸಿಹಿಯ ಆಸೆ ತಾನಾಗಿಯೇ ಬಿಟ್ಟುಹೋಗುತ್ತದೆ ಎಂದು. ಆದರೆ ಕೆಲವರಲ್ಲಿ ತಿಂದ ಒಂದರಿಂದ ಮೂರು ಗಂಟೆಯ ನಂತರ ರಕ್ತದ ಸಕ್ಕರೆ ವಿಪರೀತ ಕುಸಿದು ಕಣ್ಣು ಕತ್ತಲಿಡುತ್ತದೆ. ವಾಹನ ಓಡಿಸುವವರು ಇದನ್ನು ಹಗುರವಾಗಿ ನೋಡಬಾರದು.

ಇನ್ನೊಂದು ಅಂಶವನ್ನು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಬೈಪಾಸ್ ಆದ ಮೇಲೆ ಪಕ್ಕಕ್ಕೆ ಉಳಿದ ಜಠರದೊಳಗೆ ಸಾಮಾನ್ಯ ಎಂಡೋಸ್ಕೋಪಿಯ ಕೊಳವೆ ಹೋಗುವುದಿಲ್ಲ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿದರೆ ಬಾಯಿಯ ಮೂಲಕ ಹೋಗಿ ತೆಗೆಯುವುದೂ ಕಷ್ಟ. ಕುಟುಂಬದಲ್ಲಿ ಜಠರದ ಕ್ಯಾನ್ಸರ್ ಇದ್ದವರು ಇದನ್ನು ಶಸ್ತ್ರಚಿಕಿತ್ಸಕರ ಮುಂದೆ ಇಡಲೇಬೇಕು.

ಸಕ್ಕರೆ ಕಾಯಿಲೆಗಾಗಿ ಮಾಡಿಸಿಕೊಳ್ಳುವವರಿಗೆ

ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ 150 ಮಧುಮೇಹಿಗಳ ಮೇಲೆ ನಡೆದ ಅಧ್ಯಯನದಲ್ಲಿ ಐದು ವರ್ಷದ ಬಳಿಕ, ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ 6 ಅಥವಾ ಅದಕ್ಕಿಂತ ಕೆಳಗೆ ಇದ್ದದ್ದು ಬೈಪಾಸ್ ಆದವರಲ್ಲಿ ಶೇ 29, ಸ್ಲೀವ್ ಆದವರಲ್ಲಿ ಶೇ 23, ಔಷಧ ಮಾತ್ರ ಪಡೆದವರಲ್ಲಿ ಶೇ 5. ಎರಡೂ ಶಸ್ತ್ರಚಿಕಿತ್ಸೆಗಳು ಔಷಧಕ್ಕಿಂತ ಬಹಳ ಮುಂದೆ, ತಮ್ಮೊಳಗೆ ಅಷ್ಟು ದೂರವಿಲ್ಲ. ‘ಸಕ್ಕರೆ ಕಾಯಿಲೆ ಶಾಶ್ವತವಾಗಿ ಗುಣ’ ಎಂಬ ಭರವಸೆಯನ್ನು ಮಾತ್ರ ನಂಬಬೇಡಿ. ಆಗಲೇ ಹೇಳಿದ ಸ್ವೀಡನ್ ಅಧ್ಯಯನದಲ್ಲಿ ಎರಡನೆಯ ವರ್ಷಕ್ಕೆ ಶೇ 72 ಮಧುಮೇಹಿಗಳು ಗುಣಮುಖರಾಗಿದ್ದರು, ಹತ್ತನೆಯ ವರ್ಷಕ್ಕೆ ಆ ಪ್ರಮಾಣ ಶೇ 36ಕ್ಕೆ ಇಳಿದಿತ್ತು. ಕಾಯಿಲೆ ಶುರುವಾಗಿ ಕೆಲವೇ ವರ್ಷ ಆಗಿದ್ದು, ಇನ್ಸುಲಿನ್ ಇನ್ನೂ ಬೇಕಾಗಿಲ್ಲದವರಿಗೆ ಲಾಭ ಹೆಚ್ಚು. ಹದಿನೈದು ವರ್ಷದಿಂದ ಇನ್ಸುಲಿನ್ ಚುಚ್ಚಿಕೊಳ್ಳುತ್ತಿರುವವರಿಗೆ ಡೋಸ್ ತಗ್ಗಬಹುದು, ಪೂರ್ತಿ ನಿಲ್ಲುವ ಸಂಭವ ಕಡಿಮೆ. ಆಪರೇಷನ್ ಆದ ಮೊದಲ ವಾರದಲ್ಲೇ ಸಕ್ಕರೆ ಇಳಿಯತೊಡಗುವುದರಿಂದ ಹಳೆಯ ಡೋಸನ್ನೇ ಮುಂದುವರಿಸಿದರೆ ಅಪಾಯ. ಬಿ.ಪಿ. ಮಾತ್ರೆಯ ವಿಷಯವೂ ಅಷ್ಟೇ.

ಮಿನಿ ಬೈಪಾಸ್ ಬಗ್ಗೆ ನನಗಿರುವ ಆತಂಕ

ತೂಕದ ಲೆಕ್ಕದಲ್ಲಿ ಮಿನಿ ಬೈಪಾಸ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಫ್ರಾನ್ಸಿನಲ್ಲಿ ಮಾಮೂಲಿ ಬೈಪಾಸ್ ಜೊತೆ ಹೋಲಿಸಿದ ಅಧ್ಯಯನದಲ್ಲಿ ಎರಡು ವರ್ಷಕ್ಕೆ ತೂಕ ಇಳಿಕೆ ಸರಿಸಮ. ಆದರೆ ಗಂಭೀರ ತೊಂದರೆಗಳು ಮಿನಿ ಬೈಪಾಸ್‌ನಲ್ಲಿ 42, ಮಾಮೂಲಿ ಬೈಪಾಸ್‌ನಲ್ಲಿ 24. ಆ 42ರಲ್ಲಿ ಒಂಬತ್ತು ಪೋಷಕಾಂಶ ಕೊರತೆಯವು, ಇನ್ನೊಂದು ಗುಂಪಿನಲ್ಲಿ ಅಂಥದ್ದು ಒಂದೂ ಇರಲಿಲ್ಲ. ಭೇದಿಯೂ ಹೆಚ್ಚು. ಅಲ್ಲಿ ದಾಟಿಸಿದ ಕರುಳಿನ ಉದ್ದ 200 ಸೆಂ.ಮೀ. ಈಗ ಅನೇಕರು 150 ಸೆಂ.ಮೀ. ಆಸುಪಾಸಿಗೆ ನಿಲ್ಲಿಸುತ್ತಾರೆ, ಅದು ವಿವೇಕದ ನಡೆ. ಪಿತ್ತರಸ ಜಠರದ ಚೀಲಕ್ಕೆ, ಅಲ್ಲಿಂದ ಅನ್ನನಾಳಕ್ಕೆ ಉಕ್ಕುವ ಸಾಧ್ಯತೆ ಈ ವಿಧಾನಕ್ಕೆ ಅಂಟಿಕೊಂಡೇ ಬಂದಿದೆ. ಅದರ ಒಳ್ಳೆಯ ಗುಣವೆಂದರೆ, ಅಗತ್ಯ ಬಿದ್ದರೆ ಹಿಂದಿನ ಸ್ಥಿತಿಗೆ ತರುವುದು ಮಾಮೂಲಿ ಬೈಪಾಸ್‌ಗಿಂತ ಸುಲಭ.

ಮೊಟ್ಟೆಯನ್ನೂ ಮುಟ್ಟದ ಶುದ್ಧ ಸಸ್ಯಾಹಾರಿ, ಪ್ರೊಟೀನ್ ಪುಡಿ ಸೇರುವುದಿಲ್ಲ, ರಕ್ತಹೀನತೆ ಮೊದಲೇ ಇದೆ, ಪರೀಕ್ಷೆಗೆ ವರ್ಷಕ್ಕೊಮ್ಮೆ ಬರುವುದೂ ಅನುಮಾನ. ಇಂಥವರಿಗೆ ಉದ್ದದ ಮಿನಿ ಬೈಪಾಸ್ ಮಾಡುವುದು ಅಪಾಯವನ್ನು ಆಹ್ವಾನಿಸಿದಂತೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಇಂಜೆಕ್ಷನ್, ಬಲೂನು, ಪಟ್ಟಿ

2025ರಲ್ಲಿ ಮೌಂಜಾರೊ ಮತ್ತು ವೆಗೋವಿ ಭಾರತದ ಮಾರುಕಟ್ಟೆಗೆ ಬಂದ ಮೇಲೆ ‘ಆಪರೇಷನ್ ಯಾಕೆ, ಇಂಜೆಕ್ಷನ್ ಸಾಕಲ್ಲ’ ಎನ್ನುವ ಪ್ರಶ್ನೆ ನ್ಯಾಯವಾದದ್ದೇ. ವೆಗೋವಿಯ ಔಷಧ ಸೆಮಾಗ್ಲುಟೈಡ್‌ನಿಂದ ಸುಮಾರು 16 ತಿಂಗಳಲ್ಲಿ ಒಟ್ಟು ತೂಕದ ಶೇ 15ರಷ್ಟು, ಮೌಂಜಾರೊದ ಟಿರ್ಜೆಪಟೈಡ್‌ನ ಅತಿ ಹೆಚ್ಚಿನ ಡೋಸ್‌ನಿಂದ ಶೇ 21ರಷ್ಟು ಸರಾಸರಿ ಇಳಿಕೆ ಪ್ರಯೋಗಗಳಲ್ಲಿ ಕಂಡಿದೆ. ಗಮನಿಸಿ, ಇದು ಒಟ್ಟು ತೂಕದ ಲೆಕ್ಕ. ಸೆಮಾಗ್ಲುಟೈಡ್ ನಿಲ್ಲಿಸಿದವರಲ್ಲಿ ಒಂದೇ ವರ್ಷದೊಳಗೆ ಇಳಿದ ತೂಕದ ಮೂರನೇ ಎರಡರಷ್ಟು ಮರಳಿ ಬಂತು. ಅಂದರೆ ವರ್ಷಗಟ್ಟಲೆ ಕೊಳ್ಳುತ್ತಲೇ ಇರಬೇಕು. ಬಿ.ಎಂ.ಐ. 30ರ ಆಸುಪಾಸು ಇರುವವರು ಮೊದಲು ಇದನ್ನು ಪ್ರಯತ್ನಿಸುವುದು ಸರಿ. ಬಿ.ಎಂ.ಐ. 45 ದಾಟಿದವರಿಗೆ ಆಪರೇಷನ್‌ನಷ್ಟು ಇದು ಸಾಲದು. ಆಪರೇಷನ್ ಆಗಿ ವರ್ಷಗಳ ನಂತರ ತೂಕ ಮರಳಿದಾಗ ಇಂಜೆಕ್ಷನ್ ನೆರವಿಗೆ ಬರುತ್ತದೆ.

ಜಠರದೊಳಗೆ ಬಿಡುವ ಬಲೂನನ್ನು ಆರು ತಿಂಗಳು ಅಥವಾ ಒಂದು ವರ್ಷಕ್ಕೆ ತೆಗೆಯಬೇಕು. ತೆಗೆದ ಮೇಲೆ ತೂಕ ಮರಳುತ್ತದೆ. ದೊಡ್ಡ ಆಪರೇಷನ್‌ಗೆ ಮುನ್ನ ಅಪಾಯ ತಗ್ಗಿಸಲು ಬಳಸಬಹುದು, ಅಷ್ಟೇ. ಜಠರಕ್ಕೆ ಸುತ್ತುವ ಪಟ್ಟಿಯ ಕಾಲ ಮುಗಿಯಿತು. ಜಾರುವುದು, ಒಳಗೆ ಕೊರೆಯುವುದು ಇವುಗಳಿಂದ ಅನೇಕರಿಗೆ ಹಾಕಿದ್ದನ್ನು ತೆಗೆಸಬೇಕಾಯಿತು.

ಯಾವುದನ್ನೇ ಆಯ್ದರೂ ಬರಬಹುದಾದದ್ದು

ಅಮೆರಿಕದ ಹತ್ತು ಕೇಂದ್ರಗಳಲ್ಲಿ 4,776 ಜನರನ್ನು ಗಮನಿಸಿದ ಅಧ್ಯಯನದಲ್ಲಿ ಮೊದಲ 30 ದಿನಗಳಲ್ಲಿ ಸತ್ತವರು ಶೇ 0.3. ಸಾವಿರಕ್ಕೆ ಮೂವರು. ಅನುಭವಿ ತಂಡಗಳಲ್ಲಿ ಈಗ ಇನ್ನೂ ಕಡಿಮೆ. ಸಾವಿಗೆ ಮುಖ್ಯ ಕಾರಣಗಳು ಎರಡು: ಹೊಲಿಗೆ ಸೋರುವುದು, ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗುವುದು. ಸೋರಿಕೆಯ ಮೊದಲ ಲಕ್ಷಣ ಜ್ವರ ಆಗಿರಬೇಕೆಂದಿಲ್ಲ. ನಾಡಿ ನಿಮಿಷಕ್ಕೆ 120 ದಾಟಿ ಇಳಿಯದೆ ಇರುವುದು, ಎಡಭುಜದ ನೋವು, ವಿವರಿಸಲಾಗದ ಕಳವಳ ಇವು ಮೊದಲು ಬರುತ್ತವೆ. ದಪ್ಪಗಿರುವವರ ಹೊಟ್ಟೆಯನ್ನು ಮುಟ್ಟಿ ನೋಡಿದರೆ ಒಳಗಿನ ಕೀವು ಸುಲಭಕ್ಕೆ ಗೊತ್ತಾಗುವುದಿಲ್ಲ. ಮನೆಗೆ ಹೋದ ಮೇಲೆ ಮೊದಲ ಕೆಲವು ವಾರ ನಾಡಿ ನೋಡಿಕೊಳ್ಳುವುದನ್ನು ಮನೆಯವರು ಕಲಿತಿರಲಿ. ಸ್ಲೀವ್‌ನ ಸೋರಿಕೆ ಅಪರೂಪ, ನೂರಕ್ಕೆ ಒಬ್ಬರ ಆಸುಪಾಸು. ಆದರೆ ಬಂದರೆ ಬೇಗ ಮಾಯುವುದಿಲ್ಲ, ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಚಿಕಿತ್ಸೆ ಬೇಕಾಗುತ್ತದೆ.

ತೂಕ ಬೇಗ ಇಳಿಯುವಾಗ ಪಿತ್ತಕೋಶದಲ್ಲಿ ಕಲ್ಲುಗಳಾಗುತ್ತವೆ. ಮೊದಲ ಆರು ತಿಂಗಳು ಕೊಡುವ ಅರ್ಸೊಡಿಯಾಕ್ಸಿಕೋಲಿಕ್ ಆಮ್ಲದ ಮಾತ್ರೆ ಇದನ್ನು ತಡೆಯುತ್ತದೆ. ಮೂರನೆಯ ತಿಂಗಳಿಗೆ ಕೂದಲು ಉದುರಲು ತೊಡಗಿದರೆ ಗಾಬರಿ ಬೇಡ, ಬಹುತೇಕ ಮರಳಿ ಬರುತ್ತದೆ.

ವಾಂತಿಯ ವಿಷಯವನ್ನು ಎಲ್ಲಕ್ಕಿಂತ ಒತ್ತಿ ಹೇಳಬೇಕು. ವಾರಗಟ್ಟಲೆ ವಾಂತಿಯಾಗುತ್ತಿದ್ದರೆ ದೇಹದಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ವ, ಬರಿದಾಗುತ್ತದೆ. ಆಗ ಪಕ್ಕದ ನರ್ಸಿಂಗ್ ಹೋಮಿಗೆ ಹೋಗಿ ಬರೀ ಗ್ಲುಕೋಸ್ ಡ್ರಿಪ್ ಹಾಕಿಸಿಕೊಂಡರೆ ಉಳಿದಿದ್ದ ಥಯಾಮಿನ್ ಕೂಡ ಖರ್ಚಾಗಿ ಮಿದುಳಿಗೆ ಶಾಶ್ವತ ಹಾನಿಯಾಗಬಹುದು. ಕಣ್ಣು ಎರಡೆರಡಾಗಿ ಕಾಣುವುದು, ನಡಿಗೆ ತೂರಾಡುವುದು, ಗಲಿಬಿಲಿ ಇದರ ಗುರುತು. ಥಯಾಮಿನ್ ಇಂಜೆಕ್ಷನ್ ಮೊದಲು, ಗ್ಲುಕೋಸ್ ಆಮೇಲೆ. ಇದನ್ನು ನಿಮ್ಮ ಮನೆಯವರಿಗೂ ಹೇಳಿಕೊಡಿ, ಏಕೆಂದರೆ ಆ ಹೊತ್ತಿನಲ್ಲಿ ನೀವೇ ಹೇಳುವ ಸ್ಥಿತಿಯಲ್ಲಿ ಇರಲಾರಿರಿ. ಇದಕ್ಕೆ ಹೆಚ್ಚು ಖರ್ಚೂ ಇಲ್ಲ, ಗೊತ್ತಿದ್ದರೆ ಸಾಕು.

ಮನಸ್ಸಿನ ವಿಷಯ ಬಂದಾಗ ಮೌನವಾಗುವುದು ನಮ್ಮಲ್ಲಿ ರೂಢಿ. ಬೈಪಾಸ್ ನಂತರ ಮದ್ಯ ರಕ್ತಕ್ಕೆ ಬೇಗ ಸೇರುತ್ತದೆ, ಎರಡನೆಯ ವರ್ಷದಿಂದ ಕುಡಿತದ ಚಟ ಹೆಚ್ಚುವುದನ್ನು ಅಧ್ಯಯನಗಳು ಕಂಡಿವೆ. ಆತ್ಮಹತ್ಯೆಯ ಪ್ರಮಾಣವೂ ಸ್ವಲ್ಪ ಹೆಚ್ಚು ಎಂಬುದು ದೊಡ್ಡ ಅಧ್ಯಯನಗಳಲ್ಲಿ ಕಂಡಿರುವ ಸತ್ಯ. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ಅದನ್ನು ಮುಚ್ಚಿಡಬಾರದು, ಮಾತ್ರೆಯನ್ನು ತಾವಾಗಿ ನಿಲ್ಲಿಸಲೂಬಾರದು.

ನಮ್ಮ ತಟ್ಟೆಯಲ್ಲಿ

ಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ. ಕಿರಿದಾದ ಜಠರಕ್ಕೆ ಅದು ಆಗುವುದಿಲ್ಲ. ಕೆಲವು ತಿಂಗಳ ನಂತರ ತಿನ್ನಬಹುದಾದರೂ ಗೋಲಿಯಷ್ಟು ಸಣ್ಣ ತುತ್ತು, ನಿಧಾನ. ಮೆದು ಅನ್ನ, ಚಪಾತಿ, ಬ್ರೆಡ್ ಕೂಡ ಕೆಲವರಿಗೆ ಸಿಕ್ಕಿಕೊಳ್ಳುತ್ತವೆ. ಸಾರು ಸುರಿದು ಕಲಸಿದ ಅನ್ನ ಸರಾಗವಾಗಿ ಜಾರಿಹೋಗುತ್ತದೆ, ಹೊಟ್ಟೆ ತುಂಬಿದ್ದೇ ಗೊತ್ತಾಗುವುದಿಲ್ಲ, ಎರಡನೆಯ ವರ್ಷದಲ್ಲಿ ತೂಕ ಮರಳುವುದು ಹೆಚ್ಚಾಗಿ ಹೀಗೆಯೇ. ಊಟ ಮತ್ತು ನೀರಿನ ನಡುವೆ ಅರ್ಧ ಗಂಟೆ ಬಿಡುವುದು ಇದಕ್ಕಾಗಿ.

ದಿನಕ್ಕೆ 60ರಿಂದ 80 ಗ್ರಾಂ ಪ್ರೊಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಇರುವುದು ಸುಮಾರು 6 ಗ್ರಾಂ. ಬೇಳೆಯ ಕಟ್ಟಿನಲ್ಲಿ, ರಾಗಿ ಅಂಬಲಿಯಲ್ಲಿ ಶಕ್ತಿ ಇದೆ ಎಂದು ಅಜ್ಜಿಯಂದಿರು ಪ್ರೀತಿಯಿಂದ ಕುಡಿಸುತ್ತಾರೆ, ಅವುಗಳಲ್ಲಿ ಪ್ರೊಟೀನ್ ಬಹಳ ಕಡಿಮೆ. ಗಟ್ಟಿ ಮೊಸರು, ಪನೀರ್, ಮೊಟ್ಟೆ, ಮೀನು, ಚೆನ್ನಾಗಿ ಬೇಯಿಸಿ ಮಸೆದ ಕಾಳು ಮೊದಲು, ಅನ್ನ ಕೊನೆಗೆ. ಸಸ್ಯಾಹಾರಿಗಳು ಮೊದಲ ತಿಂಗಳುಗಳಲ್ಲಿ ಪ್ರೊಟೀನ್ ಪುಡಿ ಇಲ್ಲದೆ ಈ ಮಟ್ಟ ಮುಟ್ಟುವುದು ಕಷ್ಟ. ಮದುವೆ ಮನೆಯಲ್ಲಿ ಬಡಿಸುವವರ ಒತ್ತಾಯಕ್ಕೆ ಕೈ ಅಡ್ಡ ಹಿಡಿಯಲು ಕಲಿಯಬೇಕು.

ಮಾತ್ರೆಗಳು ಜೀವಮಾನವಿಡೀ. ಸ್ಲೀವ್‌ನಲ್ಲೂ ಹೌದು, ಬೈಪಾಸ್‌ನಲ್ಲಿ ಇನ್ನೂ ಕಟ್ಟುನಿಟ್ಟಾಗಿ. ಮಲ್ಟಿವಿಟಮಿನ್, ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ. ಬೈಪಾಸ್ ಆದವರಿಗೆ ಕ್ಯಾಲ್ಸಿಯಂ ಸಿಟ್ರೇಟ್ ರೂಪದಲ್ಲಿ ಬೇಕು, ಕಾರ್ಬೊನೇಟ್ ಕರಗಲು ಆಮ್ಲ ಸಾಲದು. ಕಬ್ಬಿಣವನ್ನೂ ಕ್ಯಾಲ್ಸಿಯಂ ಅನ್ನೂ ಒಟ್ಟಿಗೆ ನುಂಗಬಾರದು, ಎರಡು ಗಂಟೆ ಅಂತರ ಇರಲಿ. ಕಬ್ಬಿಣದ ಮಾತ್ರೆಯ ಹಿಂದೆಯೇ ಕಾಫಿ ಕುಡಿದರೆ ಮಾತ್ರೆ ವ್ಯರ್ಥ.

ಹೆಣ್ಣುಮಕ್ಕಳು ತಿಳಿದಿರಬೇಕಾದದ್ದು

ಪಿ.ಸಿ.ಒ.ಎಸ್. ಎಂಬ ಹಾರ್ಮೋನ್ ಏರುಪೇರಿನ ತೊಂದರೆ ಇದ್ದು ವರ್ಷಗಳಿಂದ ಗರ್ಭ ನಿಲ್ಲದವರಿಗೆ ತೂಕ ಇಳಿದ ಕೂಡಲೇ ಮುಟ್ಟು ಸರಿಹೋಗಿ ಬೇಗ ಗರ್ಭ ನಿಲ್ಲಬಹುದು. ಆದರೆ 12ರಿಂದ 18 ತಿಂಗಳು ಕಾಯಬೇಕು. ಬೈಪಾಸ್ ನಂತರ ಗರ್ಭನಿರೋಧಕ ಮಾತ್ರೆಗಳನ್ನೇ ನಂಬಿಕೊಳ್ಳುವಂತಿಲ್ಲ, ಕಾಪರ್-ಟಿಯಂಥ ಬೇರೆ ವಿಧಾನ ಬೇಕು. ಮುಂದೆ ಗರ್ಭಿಣಿಯಾದಾಗ ಸಕ್ಕರೆ ಪರೀಕ್ಷೆಗೆ ಕುಡಿಸುವ ಗ್ಲುಕೋಸ್ ನೀರು ಡಂಪಿಂಗ್ ತರುತ್ತದೆ. ಪ್ರಸೂತಿ ತಜ್ಞರಿಗೆ ಆಪರೇಷನ್ ಆಗಿರುವುದನ್ನು ತಿಳಿಸಿ ಬೇರೆ ರೀತಿಯ ಪರೀಕ್ಷೆ ಮಾಡಿಸಿಕೊಳ್ಳಿ. ಮದುವೆಗೆ ಮುಂಚೆ ಗುಟ್ಟಾಗಿ ಆಪರೇಷನ್ ಮಾಡಿಸಿ ಗಂಡನ ಮನೆಯಲ್ಲಿ ಹೇಳದೆ ಇಡುವವರಿಗೆ ಈ ಗುಟ್ಟು ಅಪಾಯಕಾರಿ. ಹೊಟ್ಟೆನೋವು ಬಂದ ರಾತ್ರಿ ಆಸ್ಪತ್ರೆಗೆ ಕರೆದೊಯ್ಯುವವರಿಗೆ ನಿಜ ಗೊತ್ತಿರಬೇಕು.

ಯಾರಿಗೆ ಯಾವುದು

ಎದೆಯುರಿ ಇಲ್ಲ, ಎಂಡೋಸ್ಕೋಪಿ ಸರಿಯಾಗಿದೆ, ವಯಸ್ಸು ಚಿಕ್ಕದು, ನೋವಿನ ಮಾತ್ರೆ ಬಿಡಲಾಗದು, ಅಥವಾ ಅಪಸ್ಮಾರ, ಅಂಗಾಂಗ ಕಸಿ ಮುಂತಾದವುಗಳಿಗೆ ಹೀರಿಕೆ ಏರುಪೇರಾಗಬಾರದ ಔಷಧ ತೆಗೆದುಕೊಳ್ಳುತ್ತಿದ್ದೀರಿ ಎಂದರೆ ಸ್ಲೀವ್. ಎದೆಯುರಿ ಇದೆ, ಮಧುಮೇಹ ಹತೋಟಿಗೆ ಬರುತ್ತಿಲ್ಲ, ತಂಬಾಕು ಇಲ್ಲ, ಮಾತ್ರೆ ಮತ್ತು ತಪಾಸಣೆಯಲ್ಲಿ ಶಿಸ್ತು ಇದೆ ಎಂದರೆ ಬೈಪಾಸ್. ಬಿ.ಎಂ.ಐ. 50 ದಾಟಿದ, ಪ್ರೊಟೀನ್ ಸರಿಯಾಗಿ ತಿನ್ನಬಲ್ಲ, ವರ್ಷ ವರ್ಷ ರಕ್ತ ಪರೀಕ್ಷೆಗೆ ಬರುವ ವ್ಯಕ್ತಿಗೆ ಮಿನಿ ಬೈಪಾಸ್ ಪರಿಗಣಿಸಬಹುದು. ಎದೆಯುರಿಯೂ ಇದೆ, ತಂಬಾಕೂ ಇದೆ ಎಂಬಂಥ ಇಕ್ಕಟ್ಟಿನಲ್ಲಿ ಆತುರ ಬೇಡ, ತಂಬಾಕು ಬಿಟ್ಟು ಬಂದ ಮೇಲೆಯೇ ನಿರ್ಧಾರ. ಶಸ್ತ್ರಚಿಕಿತ್ಸಕರು ಒಂದೇ ವಿಧಾನವನ್ನು ಮಾತ್ರ ಮಾಡುವವರಾದರೆ ಇನ್ನೊಬ್ಬರ ಅಭಿಪ್ರಾಯವನ್ನೂ ಪಡೆಯಿರಿ. ಎಲ್ಲರಿಗೂ ಒಂದೇ ಅಳತೆಯ ಆಪರೇಷನ್ ಹೊಂದುವುದಿಲ್ಲ.

ವಿಮೆಯ ಲೆಕ್ಕ ಬೇರೆಯೇ ಇದೆ. ಅಂತರರಾಷ್ಟ್ರೀಯ ಮತ್ತು ಅಮೆರಿಕದ ಬೇರಿಯಾಟ್ರಿಕ್ (ತೂಕ ಇಳಿಸುವ ಶಸ್ತ್ರಚಿಕಿತ್ಸೆಯ) ಸಂಘಗಳು 2022ರಲ್ಲಿ ಬಿ.ಎಂ.ಐ. 35 ದಾಟಿದ ಎಲ್ಲರಿಗೂ, ಏಷ್ಯಾದವರಿಗೆ 27.5ರಿಂದಲೇ ಶಸ್ತ್ರಚಿಕಿತ್ಸೆಯ ಅವಕಾಶ ಇರಬೇಕು ಎಂದವು. ಭಾರತದ ವಿಮಾ ನಿಯಂತ್ರಕ ಐ.ಆರ್.ಡಿ.ಎ.ಐ.ನ ಮಾದರಿ ಷರತ್ತು ಮಾತ್ರ ಬಿ.ಎಂ.ಐ. 40, ಅಥವಾ 35ರ ಜೊತೆಗೆ ಹೃದ್ರೋಗ, ನಿದ್ರೆಯಲ್ಲಿ ಉಸಿರುಕಟ್ಟುವ ತೀವ್ರ ತೊಂದರೆ, ಹತೋಟಿಯಿಲ್ಲದ ಮಧುಮೇಹ ಇವುಗಳಲ್ಲಿ ಒಂದು ಎನ್ನುತ್ತದೆ. ವಯಸ್ಸು 18 ದಾಟಿರಬೇಕು, ಬೇರೆ ಚಿಕಿತ್ಸೆಗಳು ಫಲ ನೀಡಿಲ್ಲ ಎಂಬುದಕ್ಕೆ ದಾಖಲೆ ಬೇಕು. 160 ಸೆಂ.ಮೀ. ಎತ್ತರದವರಿಗೆ 27.5 ಎಂದರೆ 70 ಕಿಲೋ, 40 ಎಂದರೆ 102 ಕಿಲೋ. ಈ ಎರಡರ ನಡುವೆ ಇರುವ ಅನೇಕರಿಗೆ ಆಪರೇಷನ್ ವೈದ್ಯಕೀಯವಾಗಿ ಸರಿ ಎನಿಸಿದರೂ ಹಣ ಕೈಯಿಂದಲೇ ಹೋಗುತ್ತದೆ. ಆಹಾರ ತಜ್ಞರ ಬಳಿ ಹೋದ ಚೀಟಿಗಳು, ತೂಕದ ದಾಖಲೆಗಳು, ಸ್ಲೀಪ್ ಸ್ಟಡಿಯ ವರದಿ ಇವನ್ನು ಈಗಿನಿಂದಲೇ ಫೈಲಿನಲ್ಲಿ ಸೇರಿಸುತ್ತಾ ಬನ್ನಿ. ಪಾಲಿಸಿಯ ಕಾಯುವ ಅವಧಿ ಎಷ್ಟೆಂದು ನೋಡಿ, ಒಪ್ಪಿಗೆ ಕೈಗೆ ಬರುವ ಮುನ್ನ ಆಸ್ಪತ್ರೆಗೆ ಮುಂಗಡ ಕಟ್ಟಬೇಡಿ.

ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಆಪರೇಷನ್ ಟಿಪ್ಪಣಿಯ ಪೂರ್ತಿ ಪ್ರತಿ ಕೇಳಿ ಪಡೆಯಿರಿ. ಯಾವ ವಿಧಾನ, ದಾಟಿಸಿದ ಕರುಳಿನ ಉದ್ದ ಎಷ್ಟು ಸೆಂ.ಮೀ., ಸಂದುಗಳನ್ನು ಹೊಲಿದಿದ್ದಾರೆಯೇ, ಪಿತ್ತಕೋಶ ತೆಗೆದಿದ್ದಾರೆಯೇ, ಇಷ್ಟೂ ಅದರಲ್ಲಿ ಬರೆದಿರಬೇಕು. ಅದರ ಫೋಟೊ ನಿಮ್ಮ ಮೊಬೈಲಿನಲ್ಲಿಯೂ ಮನೆಯ ಇನ್ನೊಬ್ಬರ ಮೊಬೈಲಿನಲ್ಲಿಯೂ ಇರಲಿ.